ಕ್ಯಾಂಪಸ್ ವಿಚಾರಣಾ ಸಮಿತಿಯಲ್ಲಿ ಕೂತವರು ಹೇಗೆ ಕೇಳಬೇಕು? ಗೊತ್ತಿದ್ದವರು ಹೇಳಿ

ಹೊಸಸದಸ್ಯೆ

ನಾನು ಪಾಠ ಮಾಡುವವಳು. ವಕೀಲೆ ಅಲ್ಲ, ಪೊಲೀಸೂ ಅಲ್ಲ. ಈಗ ನಮ್ಮ ಕ್ಯಾಂಪಸ್ಸಿನಲ್ಲಿ ಲೈಂಗಿಕ ದೌರ್ಜನ್ಯದ ದೂರುಗಳನ್ನು ವಿಚಾರಿಸುವ ಸಮಿತಿಗೆ ನನ್ನ ಹೆಸರು ಹಾಕಿದ್ದಾರೆ. ತರಬೇತಿ ಅಂತ ಒಂದಷ್ಟು ಸ್ಲೈಡ್ ತೋರಿಸಿದರು. ನಿಯಮ, ಗಡುವು, ಫಾರಂ, ಸಹಿ ಎಲ್ಲಿ ಹಾಕಬೇಕು, ಎಲ್ಲಾ ಬಂತು. ಆದರೆ ಒಬ್ಬ ವಿದ್ಯಾರ್ಥಿನಿ ಎದುರು ಬಂದು ಕೂತಾಗ ನಮ್ಮ ಬಾಯಿಂದ ಮೊದಲು ಏನು ಬರಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ಹಳೆಯ ಪ್ರಶ್ನೆಪಟ್ಟಿ ಒಂದು ಕೈಗೆ ಸಿಕ್ಕಿತು. "ಆ ಹೊತ್ತಲ್ಲಿ ಅಲ್ಲಿಗೆ ಯಾಕೆ ಹೋಗಿದ್ದೆ?", "ಯಾಕೆ ಕೂಗಲಿಲ್ಲ?", "ಇಷ್ಟು ದಿನ ಯಾಕೆ ಸುಮ್ಮನಿದ್ದೆ?" ಓದುವಾಗಲೇ ಹೊಟ್ಟೆ ತೊಳಸಿದಂತಾಯಿತು.

ಇನ್ನೊಂದು ಕಡೆ, ಆರೋಪ ಹೊತ್ತವನೂ ನಮ್ಮ ವಿದ್ಯಾರ್ಥಿಯೇ. ಅವನಿಗೂ ಅನ್ಯಾಯ ಆಗಬಾರದು. ಮೆತ್ತಗೆ ಕೇಳಿದರೆ ಪಕ್ಷಪಾತ ಅಂತಾರೆ. ಗಟ್ಟಿಯಾಗಿ ಕೇಳಿದರೆ ಅವಳು ಇನ್ನೊಮ್ಮೆ ನುಚ್ಚುನೂರಾಗುತ್ತಾಳೆ. ನೀವೆಲ್ಲ ಏನು ಮಾಡುತ್ತೀರಿ? ನಡೆಯುತ್ತಿರುವ ಪ್ರಕರಣಗಳ ವಿವರವನ್ನು ದಯವಿಟ್ಟು ಇಲ್ಲಿ ಬರೆಯಬೇಡಿ, ಗುರುತು ಸಿಗುವಂಥ ಸುಳಿವೂ ಬೇಡ.

ಕಿವಿಗೊಡುವವಳು

ಮೇಡಂ, ನಾನು ವೃತ್ತಿಯಿಂದ ಕೌನ್ಸೆಲರ್. ನನ್ನ ಪ್ರಕಾರ ಮೊದಲ ಮಾತು ಪ್ರಶ್ನೆ ಆಗಿರಲೇಬಾರದು. ನಾವು ಯಾರು, ಈ ಕೋಣೆಯಲ್ಲಿ ಯಾರ್ಯಾರು ಯಾಕೆ ಕೂತಿದ್ದಾರೆ, ನೀವು ಹೇಳಿದ್ದನ್ನು ಯಾರು ಓದುತ್ತಾರೆ, ಸುಮಾರು ಎಷ್ಟು ಹೊತ್ತು ಹಿಡಿಯಬಹುದು, ಮಧ್ಯದಲ್ಲಿ ಎದ್ದು ಹೊರಗೆ ಹೋಗಬಹುದು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬಹುದು. ಇಷ್ಟನ್ನು ನೀವೇ ಹೇಳಿ. ತನ್ನ ಮೈಮೇಲೆ ತನಗೇ ಹಿಡಿತ ಇಲ್ಲದಂತೆ ಮಾಡಿದ ಅನುಭವದಿಂದ ಬಂದವರಿಗೆ, ಮುಂದಿನ ಅರ್ಧ ಗಂಟೆಯಲ್ಲಿ ಏನಾಗುತ್ತದೆ ಅಂತ ಗೊತ್ತಿರುವುದೇ ದೊಡ್ಡ ಆಸರೆ. ಗೌಪ್ಯತೆಗೆ ಮಿತಿ ಇದ್ದರೆ ಅದನ್ನು ಹೇಳಿಕೆಗೆ ಮುಂಚೆ ತಿಳಿಸಿ, ಆಮೇಲಲ್ಲ. "ಯಾರಿಗೂ ಹೇಳಲ್ಲ ಬಿಡಮ್ಮ" ಅಂತ ಸಮಾಧಾನ ಮಾಡಿ, ಆಮೇಲೆ ಹೇಳಿಕೆಯ ಪ್ರತಿ ಎದುರು ಪಕ್ಷಕ್ಕೆ ಹೋಗುತ್ತದೆ ಅಂತ ಅವರಿಗೆ ಬೇರೆ ಯಾರಿಂದಲೋ ಗೊತ್ತಾದರೆ ಮತ್ತೆ ನಿಮ್ಮ ಮುಂದೆ ಬಾಯಿ ಬಿಡುವುದಿಲ್ಲ.

ಆಮೇಲೆ ಒಂದೇ ಒಂದು ತೆರೆದ ಪ್ರಶ್ನೆ. "ಏನಾಯಿತು ಅನ್ನುವುದನ್ನು ನಿಮಗೆ ನೆನಪಿರುವ ಹಾಗೆ, ನಿಮಗೆ ಎಲ್ಲಿಂದ ಶುರು ಮಾಡಬೇಕು ಅನಿಸುತ್ತದೋ ಅಲ್ಲಿಂದ ಹೇಳಿ." ಕೇಳಿ ಸುಮ್ಮನೆ ಕೂರಿ. ಇದು ಹೇಳುವಷ್ಟು ಸುಲಭ ಅಲ್ಲ, ಮೇಷ್ಟರುಗಳಿಗಂತೂ ಬಲು ಕಷ್ಟ, ಮೌನ ಇದ್ದಲ್ಲೆಲ್ಲ ತುಂಬಿಬಿಡುವ ಅಭ್ಯಾಸ ನಿಮ್ಮ ಜನಕ್ಕೆ! ಮಧ್ಯೆ ಬಾಯಿ ಹಾಕಬೇಡಿ. ಮೊದಲು ನಡೆದದ್ದು, ಆಮೇಲೆ ನಡೆದದ್ದು ಅಂತ ಸಾಲಾಗಿ ಬರಬೇಕು ಅಂತ ಹಟ ಹಿಡಿಯಬೇಡಿ. ಸದ್ದು, ವಾಸನೆ, ಗೋಡೆಯ ಬಣ್ಣ, ಇಂಥವು ಮೊದಲು ಬರಬಹುದು. ಬರಲಿ.

"ಯಾಕೆ ಕೂಗಲಿಲ್ಲ" ಅನ್ನುವ ಪ್ರಶ್ನೆಯನ್ನು ಹರಿದು ಹಾಕಿ. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೊಳಗಾದವರಿಗಾಗಿಯೇ ಇರುವ ಒಂದು ತುರ್ತು ಚಿಕಿತ್ಸಾ ಕೇಂದ್ರಕ್ಕೆ ಬಂದ 298 ಮಹಿಳೆಯರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಘಟನೆಯ ಹೊತ್ತಲ್ಲಿ ಮೈ ಮರಗಟ್ಟಿ ಅಲ್ಲಾಡಲು ಆಗದಂಥ ಸ್ಥಿತಿ ಗಣನೀಯವಾಗಿ ಇತ್ತು ಅಂದವರು ನೂರಕ್ಕೆ 70 ಮಂದಿ. ಅದು ತೀರಾ ತೀವ್ರವಾಗಿತ್ತು ಅಂದವರೇ 48. ಇದು ಮೈ ತಾನಾಗಿ ಮಾಡುವ ಕೆಲಸ, ತೀರ್ಮಾನ ಮಾಡಿ ಸುಮ್ಮನಾಗುವುದಲ್ಲ. ಹಾಗೆ ಮೈ ಮರಗಟ್ಟಿದವರಲ್ಲಿ ಆಮೇಲೆ ಖಿನ್ನತೆ, ಆಘಾತದ ಕಾಯಿಲೆ ಜಾಸ್ತಿ ಕಂಡವು ಅನ್ನುವುದೂ ಅದೇ ಅಧ್ಯಯನದಲ್ಲಿದೆ.

ಕೊನೆಬೆಂಚು

ಬೈಯಿಸಿಕೊಳ್ಳಲು ಸಿದ್ಧನಾಗಿಯೇ ಬರೆಯುತ್ತಿದ್ದೇನೆ. ಇದೆಲ್ಲ ಓದುವಾಗ ನನಗೆ ಒಂದು ಅನುಮಾನ. ಕೂಗಿದರೆ ಪುರಾವೆ, ಕೂಗದಿದ್ದರೂ ಪುರಾವೆ. ಎಲ್ಲಾ ನೆನಪಿದ್ದರೆ ಪುರಾವೆ, ನೆನಪಿಲ್ಲದಿದ್ದರೆ ಆಘಾತ, ಅದೂ ಪುರಾವೆ. ಹಾಗಾದರೆ ಆರೋಪ ಹೊತ್ತವನು ಯಾವುದನ್ನು ತೋರಿಸಿ ತಾನು ಮಾಡಿಲ್ಲ ಅನ್ನಬೇಕು? ಸಮಿತಿಯವರು ಮೊದಲೇ ನಂಬಿಕೊಂಡು ಕೂತರೆ ಅದಕ್ಕೆ ವಿಚಾರಣೆ ಅಂತ ಹೆಸರು ಯಾಕೆ?

ಕಿವಿಗೊಡುವವಳು

ಬೈಯಲ್ಲ, ಸರಿಯಾದ ಪ್ರಶ್ನೆಯೇ. ಕೂಗದೇ ಇದ್ದದ್ದು ದೌರ್ಜನ್ಯ ನಡೆದಿದೆ ಅನ್ನುವುದಕ್ಕೆ ಪುರಾವೆ ಅಲ್ಲ. ನಡೆದಿಲ್ಲ ಅನ್ನುವುದಕ್ಕೂ ಅಲ್ಲ. ಅದನ್ನು ತಕ್ಕಡಿಯಿಂದ ಕೆಳಗಿಡಿ, ಅಷ್ಟೇ ನಾನು ಹೇಳುವುದು. ಕೆಲವು ತರಬೇತಿಗಳಲ್ಲಿ ಮಿದುಳಿನ ಚಿತ್ರ ತೋರಿಸಿ "ಹೇಳಿಕೆ ಚೂರು ಚೂರಾಗಿದ್ದರೆ ಆಘಾತ ಆಗಿದೆ ಅಂತಲೇ ಅರ್ಥ" ಅಂತ ಕಲಿಸಿಬಿಡುತ್ತಾರೆ. ಅದು ತಪ್ಪು. ಅಲ್ಲಿಂದ ಇಲ್ಲಿಗೆ ಹಾಗೆ ನೆಗೆಯಲು ಬರುವುದಿಲ್ಲ.

ಅಳು, ಮುಖಭಾವ ಕೂಡ ಹಾಗೆಯೇ. 1974ರಲ್ಲಿ ಆನ್ ಬರ್ಜೆಸ್ ಅನ್ನುವ ನರ್ಸಿಂಗ್ ತಜ್ಞೆ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಅನ್ನುವ ಸಮಾಜಶಾಸ್ತ್ರಜ್ಞೆ, ಬಾಸ್ಟನ್ನಿನ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಬಂದ ಮಹಿಳೆಯರನ್ನು ನೋಡಿ ಬರೆದರು. ಕೆಲವರು ಅಳುತ್ತಾರೆ, ನಡುಗುತ್ತಾರೆ. ಇನ್ನು ಕೆಲವರು ಎಲ್ಲವನ್ನೂ ಒಳಗೆ ಹಿಡಿದುಕೊಂಡು ಶಾಂತವಾಗಿ ಕೂರುತ್ತಾರೆ. ಎರಡೂ ಸಿಕ್ಕಿತ್ತು ಅವರಿಗೆ. ಐವತ್ತು ವರ್ಷ ಕಳೆದರೂ ಸಮಿತಿಗಳಲ್ಲಿ "ಅವಳ ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ ನೋಡಿ" ಅನ್ನುವ ಮಾತು ನಿಂತಿಲ್ಲ. ಆರೋಪ ಹೊತ್ತವನ ವಿಷಯದಲ್ಲೂ ಅಷ್ಟೇ. ಬೆವರಿದ, ತಲೆ ತಗ್ಗಿಸಿದ, ತಡವರಿಸಿದ, ಹಾಗಾಗಿ ತಪ್ಪಿತಸ್ಥ ಅನ್ನುವುದೂ ಬೇಡ.

ಹಳೆಫೈಲು

ಇಂಥ ಸಮಿತಿಗಳಲ್ಲಿ ಬಹಳ ಕಾಲ ಕೂತವನು ನಾನು. ಕೊನೆಬೆಂಚು ಅವರಿಗೆ ಒಂದು ಮಾತು. ಸಹಾನುಭೂತಿ ಅಂದರೆ ಮೊದಲೇ ನಂಬುವುದು ಅಂತ ತಿಳಿದುಕೊಂಡರೆ ಎರಡೂ ಕಡೆಯವರಿಗೆ ನಷ್ಟ. ಅದು ಇರಬೇಕಾದದ್ದು ನಮ್ಮ ತೀರ್ಪಿನಲ್ಲಿ ಅಲ್ಲ, ನಮ್ಮ ಕೆಲಸದ ರೀತಿಯಲ್ಲಿ. ಎಷ್ಟು ಸಲ ಕೇಳುತ್ತೀರಿ, ಎಲ್ಲಿ ಕೂರಿಸುತ್ತೀರಿ, ಯಾವಾಗ ಫೋನ್ ಮಾಡುತ್ತೀರಿ, ಕಾಯುವಾಗ ಇಬ್ಬರೂ ಒಂದೇ ಬೆಂಚಿನ ಮೇಲೆ ಎದುರುಬದುರಾಗುತ್ತಾರಾ. ಇದರಲ್ಲಿ ಮೆತ್ತಗಿದ್ದರೆ ಯಾರಿಗೂ ಅನ್ಯಾಯ ಆಗುವುದಿಲ್ಲ.

ಒಳ್ಳೆಯ ರೀತಿಯಲ್ಲಿ ಕೇಳಿದರೆ ಒಳ್ಳೆಯ ಪುರಾವೆ ಸಿಗುತ್ತದೆ, ಇದು ಬರೀ ಒಳ್ಳೆಯತನದ ಮಾತಲ್ಲ. ಫಿಶರ್ ಮತ್ತು ಗೈಸಲ್‌ಮನ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು 1980ರ ದಶಕದಲ್ಲಿ ಸಾಕ್ಷಿಗಳನ್ನು ಮಾತಾಡಿಸುವ ಒಂದು ಕ್ರಮ ರೂಪಿಸಿದರು. ಮೊದಲು ವಿಶ್ವಾಸ ಬೆಳೆಸುವುದು, ಆ ಜಾಗ ಆ ಹೊತ್ತನ್ನು ಮನಸ್ಸಿನಲ್ಲಿ ಮತ್ತೆ ಕಟ್ಟಿಕೊಳ್ಳಲು ಸಮಯ ಕೊಡುವುದು, ಮಧ್ಯೆ ತಡೆಯದೆ ಹೇಳಲು ಬಿಡುವುದು. ಸಾಮಾನ್ಯ ಪೊಲೀಸ್ ಮಾದರಿಯ ಪ್ರಶ್ನೆಗಳಿಗಿಂತ ಈ ಕ್ರಮದಲ್ಲಿ ಜಾಸ್ತಿ ಸರಿಯಾದ ವಿವರ ಬಂತು. ಒಂದು ಎಚ್ಚರಿಕೆ: ದೌರ್ಜನ್ಯಕ್ಕೊಳಗಾದವರನ್ನು ಆ ಕ್ಷಣಕ್ಕೆ ಬಲವಂತವಾಗಿ ವಾಪಸ್ ಕರೆದೊಯ್ಯಬೇಡಿ, ಅವರು ಎಷ್ಟು ದೂರ ಬರುತ್ತಾರೋ ಅಷ್ಟು ಸಾಕು.

ಅದಕ್ಕೂ ಮುಂಚೆ, 1974ರಲ್ಲೇ, ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ತೋರಿಸಿದ್ದು ನೆನಪಿಡಿ. ಒಂದೇ ಕಾರು ಅಪಘಾತದ ದೃಶ್ಯ ತೋರಿಸಿ ಕೆಲವರಿಗೆ ಕಾರುಗಳು "ಗುದ್ದಿದಾಗ" ವೇಗ ಎಷ್ಟಿತ್ತು ಅಂತ, ಇನ್ನು ಕೆಲವರಿಗೆ "ಅಪ್ಪಳಿಸಿದಾಗ" ಎಷ್ಟಿತ್ತು ಅಂತ ಕೇಳಿದರು. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಜಾಸ್ತಿ ವೇಗ ಹೇಳಿದರು. ಹಾಗಿದ್ದ ಮೇಲೆ "ಅವನು ಬಲವಂತ ಮಾಡಿದನಲ್ಲವಾ?" ಅಂತ ಪ್ರೀತಿಯಿಂದ ಕೇಳಿದರೂ ನೀವು ಅವಳ ಹೇಳಿಕೆಯನ್ನೇ ಹಾಳು ಮಾಡಿದಿರಿ. ನಾಳೆ ಎದುರು ಪಕ್ಷದ ವಕೀಲರು ಹಿಡಿಯುವುದು ಅದನ್ನೇ. "ಆಮೇಲೆ ಏನಾಯಿತು?" ಅನ್ನುವ ಎರಡು ಪದ ಸಾಕು.

ದೂರುಕೊಟ್ಟಿದ್ದೆ

ನಾನು ಆ ಮೇಜಿನ ಆ ಕಡೆ ಕೂತಿದ್ದವಳು. ಎಲ್ಲಿ, ಯಾವಾಗ ಅಂತ ಬರೆಯಲ್ಲ.

ಎಲ್ಲರೂ ಪ್ರಶ್ನೆಗಳ ಬಗ್ಗೆ ಮಾತಾಡುತ್ತಿದ್ದೀರಿ. ಪ್ರಶ್ನೆಗಳು ಕಷ್ಟ ಇದ್ದವು, ನಿಜ. ಆದರೆ ನನ್ನನ್ನು ಜಾಸ್ತಿ ಹಿಂಡಿದ್ದು ಆಮೇಲಿನ ಮೌನ. ಹೇಳಿಕೆ ಕೊಟ್ಟು ಬಂದ ಮೇಲೆ ವಾರಗಟ್ಟಲೆ ಯಾರೂ ಏನೂ ಹೇಳಲಿಲ್ಲ. ಅವನಿಗೆ ನೋಟಿಸ್ ಹೋಯಿತಾ ಇಲ್ಲವಾ? ನಾಳೆ ಲ್ಯಾಬಿನಲ್ಲಿ ಎದುರು ಸಿಕ್ಕರೆ ಅವನಿಗೆ ಗೊತ್ತಿರುತ್ತದಾ? ನೋಟಿಸ್ ಹೋಗಿದ್ದು ನನಗೆ ಗೊತ್ತಾಗಿದ್ದು ಅವನ ಸ್ನೇಹಿತರು ಕಾರಿಡಾರಿನಲ್ಲಿ ನನ್ನನ್ನು ನೋಡಿದ ರೀತಿಯಿಂದ. ಒಂದು ಫೋನ್ ಕರೆ ಸಾಕಿತ್ತು. "ಇವತ್ತು ಮಧ್ಯಾಹ್ನ ಅವರಿಗೆ ತಿಳಿಸುತ್ತಿದ್ದೇವೆ, ನೀವು ಎಲ್ಲಿರುತ್ತೀರಿ, ಜೊತೆಗೆ ಯಾರಾದರೂ ಇದ್ದಾರಾ?" ಅಷ್ಟು.

ಇನ್ನೊಂದು. ಒಂದೇ ಕತೆಯನ್ನು ನಾನು ಬೇರೆ ಬೇರೆ ಜನರ ಮುಂದೆ ಎಷ್ಟು ಸಲ ಹೇಳಿದೆನೋ. ವಿಭಾಗದ ಮುಖ್ಯಸ್ಥರು "ಮೊದಲು ನನಗೆ ಹೇಳು, ನೋಡೋಣ" ಅಂದರು. ವಾರ್ಡನ್ ಬೇರೆ. ಆಮೇಲೆ ಸಮಿತಿ. ಸಮಿತಿಯಲ್ಲಿ ಒಬ್ಬರು ಅವತ್ತು ಬಂದಿರಲಿಲ್ಲ ಅಂತ ಅವರಿಗೋಸ್ಕರ ಇನ್ನೊಮ್ಮೆ. ಕೊನೆಗೆ ನನಗೇ ಅದು ಬೇರೆ ಯಾರದೋ ಕತೆ ಅನಿಸತೊಡಗಿತು, ನಾನು ಒಪ್ಪಿಸುವ ಪಾಠದ ಹಾಗೆ ಹೇಳಿದೆ, ಅದಕ್ಕೆ ಒಬ್ಬರು "ಬಾಯಿಪಾಠ ಮಾಡಿಕೊಂಡು ಬಂದ ಹಾಗಿದೆ" ಅಂದರು.

ಕ್ಲಾಸಿನ ಬ್ಯಾಚ್ ಬದಲಾಯಿಸಿದ್ದೂ ನನ್ನದೇ, ಅವನದಲ್ಲ. ನನ್ನ ಒಳ್ಳೆಯದಕ್ಕೆ ಅಂತೆ.

ಹೊಸಸದಸ್ಯೆ

ಓದಿದೆ. ಬರೆದಿದ್ದಕ್ಕೆ ಋಣಿ. ನೋಟಿಸ್ ಹೋಗುವ ದಿನ ಮುಂಚೆಯೇ ತಿಳಿಸುವುದನ್ನು ಬರವಣಿಗೆಯಲ್ಲೇ ನಿಯಮ ಮಾಡಿಸಲು ನಾಳೆಯೇ ಕೇಳುತ್ತೇನೆ.

ಕಿವಿಗೊಡುವವಳು

ದೂರುಕೊಟ್ಟಿದ್ದೆ ಅವರು ಹೇಳಿದ್ದಕ್ಕೆ ಸಂಶೋಧಕರು ಹೆಸರು ಕೊಟ್ಟಿದ್ದಾರೆ. ಸಂಸ್ಥೆ ಮಾಡುವ ದ್ರೋಹ. ಜೆನಿಫರ್ ಫ್ರೈಡ್ ಮತ್ತು ಕಾರ್ಲಿ ಸ್ಮಿತ್ 2013ರಲ್ಲಿ ಕಾಲೇಜು ವಿದ್ಯಾರ್ಥಿನಿಯರ ಬಗ್ಗೆ ಬರೆದ ಲೇಖನದಲ್ಲಿ ಇದೇ ಇದೆ. ಬೇಡದ ಲೈಂಗಿಕ ಅನುಭವಕ್ಕೆ ಒಳಗಾಗಿ, ಅದರ ಮೇಲೆ ತಾವು ನೆಚ್ಚಿದ ಸಂಸ್ಥೆಯೂ ಕೈಬಿಟ್ಟಿತು ಅನಿಸಿದವರಲ್ಲಿ ಆತಂಕದಂಥ ಲಕ್ಷಣಗಳು ಜಾಸ್ತಿ ಕಂಡವು. ದೂರನ್ನು ಮುಚ್ಚಿಹಾಕುವುದಷ್ಟೇ ದ್ರೋಹ ಅಲ್ಲ. ದೂರು ಕೊಡುವುದನ್ನೇ ಕಷ್ಟ ಮಾಡುವುದು, ಕೊಟ್ಟಮೇಲೆ ಸರಿಯಾಗಿ ಸ್ಪಂದಿಸದಿರುವುದು, ಅದೂ ಅದೇ ಲೆಕ್ಕ.

ಕಾನೂನುವಿದ್ಯಾರ್ಥಿ

ಬ್ಯಾಚ್ ಬದಲಾಯಿಸುವ ವಿಷಯಕ್ಕೆ. ತಾತ್ಕಾಲಿಕ ಕ್ರಮ ಅಂದರೆ ಶಿಕ್ಷೆ ಅಲ್ಲ, ವಿಚಾರಣೆ ಮುಗಿಯುವವರೆಗಿನ ಏರ್ಪಾಡು. ಹಾಗಾಗಿ ದೂರು ಕೊಟ್ಟವರನ್ನು ಮೊದಲು ಕೇಳಬೇಕು: ನಿಮಗೆ ಏನು ಬೇಕು? ಪರೀಕ್ಷೆ ಮುಂದಕ್ಕೆ ಹಾಕಬೇಕಾ, ಹಾಸ್ಟೆಲ್ ಬದಲಾಗಬೇಕಾ, ಹಾಜರಾತಿಯಲ್ಲಿ ವಿನಾಯಿತಿ ಬೇಕಾ, ಅವರು ನಿಮ್ಮ ಉತ್ತರಪತ್ರಿಕೆ ನೋಡುವುದು ನಿಲ್ಲಬೇಕಾ? ಎದುರಿನವರು ಮೇಷ್ಟರಾಗಿದ್ದರೆ ಕೊನೆಯದು ಬಹಳ ಮುಖ್ಯ. ಅದರ ಜೊತೆಗೆ ಇಬ್ಬರೂ ಪರಸ್ಪರ ಸಂಪರ್ಕ ಮಾಡಬಾರದು ಅಂತ ಲಿಖಿತ ಸೂಚನೆ. ಸ್ನೇಹಿತರ ಮೂಲಕ, ಇನ್ನೊಂದು ಇನ್‌ಸ್ಟಾಗ್ರಾಂ ಖಾತೆಯ ಮೂಲಕ ಮಾಡಿದರೂ ಅದು ಸಂಪರ್ಕವೇ ಅಂತ ಅದರಲ್ಲೇ ಬರೆಯಬೇಕು. ಬರೆಯದಿದ್ದರೆ ಮಾರನೇ ದಿನವೇ ವಾಟ್ಸಾಪ್ ಗ್ರೂಪಿನಲ್ಲಿ ಶುರುವಾಗುತ್ತದೆ.

ಅಡ್ಡಸವಾಲಿನ ಬಗ್ಗೆ: ಎದುರು ಪಕ್ಷಕ್ಕೆ ಪ್ರಶ್ನೆ ಕೇಳುವ ಅವಕಾಶ ಇರಬೇಕು. ಆದರೆ ಅವನೇ ಮುಖಾಮುಖಿ ಕೂತು ಕೇಳಬೇಕು ಅಂತ ಏನಿಲ್ಲ. ಅಮೆರಿಕದಲ್ಲಿ ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ ನೈನ್ ಕಾನೂನಿನ ಕೆಳಗೆ 2020ರಲ್ಲಿ ಬಂದ ನಿಯಮಗಳು ಬಿಗಿಯಾದವು. ಕಾಲೇಜುಗಳಲ್ಲಿ ನೇರ ಅಡ್ಡಸವಾಲು ಇರಲೇಬೇಕು ಅಂದವು. ಅವು ಕೂಡ ಪ್ರಶ್ನೆ ಕೇಳುವುದು ಸಲಹೆಗಾರರ ಮೂಲಕವೇ, ಆರೋಪಿ ತಾನೇ ಕೇಳುವಂತಿಲ್ಲ ಅಂತ ಹೇಳಿದವು. ಇಬ್ಬರಲ್ಲಿ ಯಾರು ಕೇಳಿದರೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ವಿಡಿಯೊ ಪರದೆಯ ಮೂಲಕ ನಡೆಸಬೇಕು ಅಂತಲೂ ಅವುಗಳಲ್ಲಿತ್ತು. ಅಷ್ಟು ಬಿಗಿ ನಿಯಮದಲ್ಲೇ ಇದು ಸಾಧ್ಯವಾದರೆ ಬೇರೆ ಕಡೆ ಯಾಕೆ ಆಗಲ್ಲ? ಪ್ರಶ್ನೆಗಳನ್ನು ಬರೆದು ಅಧ್ಯಕ್ಷರಿಗೆ ಕೊಡಲಿ, ಅವರು ಸಂಬಂಧ ಇಲ್ಲದ್ದನ್ನು ತೆಗೆದು ಉಳಿದದ್ದನ್ನು ಕೇಳಲಿ. ಹಿಂದಿನ ಪ್ರೇಮ, ಹಾಕಿದ್ದ ಬಟ್ಟೆ ಇಂಥವು ಅಲ್ಲೇ ಉದುರಿಹೋಗುತ್ತವೆ.

ಕೊನೆಬೆಂಚು

ಬೇರೆ ಕೋಣೆ, ಬರೆದ ಪ್ರಶ್ನೆ, ಇದೆಲ್ಲ ಒಪ್ಪಿದೆ. ಆರೋಪ ಹೊತ್ತವನಿಗೂ ಜೊತೆಗೊಬ್ಬರು, ಅವನಿಗೂ ಕೌನ್ಸೆಲರ್, ಅವನಿಗೂ ಆಗಾಗ ಮಾಹಿತಿ ಸಿಗುತ್ತದಾ? ಅಷ್ಟು ಹೇಳಿ. ಆಮೇಲೆ ಸಾಬೀತಾಗದಿದ್ದರೆ ದೂರು ಕೊಟ್ಟವರಿಗೆ ಏನು?

ಹಳೆಫೈಲು

ಸಿಗಬೇಕು. ಅದೇ ತೆರೆದ ಪ್ರಶ್ನೆ, ಅದೇ ಬಿಡುವು, ಅವನ ಮೇಲಿನ ಆರೋಪದ ಪೂರ್ತಿ ವಿವರ, ಉತ್ತರ ಬರೆಯಲು ಸಾಕಷ್ಟು ಸಮಯ. ಒಬ್ಬರೇ ಕೌನ್ಸೆಲರ್ ಇಬ್ಬರನ್ನೂ ನೋಡಬಾರದು ಅಷ್ಟೇ. ಮತ್ತೆ ಕೌನ್ಸೆಲರ್ ಆಗಿ ಕೇಳಿಸಿಕೊಂಡವರು ಸಮಿತಿಯಲ್ಲಿ ಕೂರಬಾರದು. ಸಣ್ಣ ಕ್ಯಾಂಪಸ್ಸುಗಳಲ್ಲಿ ಜನ ಇಲ್ಲ ಅಂತ ಎರಡನ್ನೂ ಒಬ್ಬರಿಗೇ ಕಟ್ಟುತ್ತಾರೆ. ಆಗ ಎರಡೂ ಕೆಡುತ್ತದೆ.

ಸಾಬೀತಾಗದಿದ್ದರೆ ಸುಳ್ಳು ಅಂತಲ್ಲ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಭಾರತದ 2013ರ ಕಾಯಿದೆಯಲ್ಲೇ ಇದು ಸ್ಪಷ್ಟ ಇದೆ: ದೂರನ್ನು ರುಜುವಾತು ಮಾಡಲು ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ತೆಗೆದುಕೊಳ್ಳಬೇಕಾಗಿಲ್ಲ. ಕ್ರಮಕ್ಕೆ ಮುಂಚೆ ದುರುದ್ದೇಶ ಇತ್ತು ಅಂತ ವಿಚಾರಣೆಯಲ್ಲೇ ತೋರಿಸಬೇಕು. ಈ ಮಾತನ್ನು ಇಬ್ಬರಿಗೂ ಮೊದಲ ದಿನವೇ ಹೇಳಿಬಿಡಿ.

ರೂಮ್‌ಮೇಟ್

ನಾನು ಸಮಿತಿಯವಳಲ್ಲ, ಸುಮ್ನೆ ಓದುತ್ತಿದ್ದೆ. ನನ್ನ ಸ್ನೇಹಿತೆ ನನಗೆ ಮಾತ್ರ ಹೇಳಿದ್ದಾಳೆ. ದೂರು ಬೇಡ ಅಂತಾಳೆ. ನಾನು ಕೊಡು ಕೊಡು ಅಂತ ಒತ್ತಾಯ ಮಾಡಬೇಕಾ ಬೇಡವಾ?

ಕಿವಿಗೊಡುವವಳು

ಬೇಡಮ್ಮ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ಕಾರ್ಯಕರ್ತರಿಗೆ ಹೇಳಿಕೊಡುವ ಕ್ರಮ ನಿನಗೂ ಸರಿಹೋಗುತ್ತದೆ. ಕೇಳಿಸಿಕೋ, ಅವಳಿಗೆ ಈಗ ಏನು ಬೇಕು ಅಂತ ವಿಚಾರಿಸು, ಅವಳ ಮಾತನ್ನು ಅಲ್ಲಗಳೆಯಬೇಡ, ಅವಳು ಈಗ ಇರುವ ಜಾಗದಲ್ಲಿ ಅಪಾಯ ಇಲ್ಲ ಅಂತ ನೋಡಿಕೋ, ಬೇಕಾದ ಸಹಾಯ ಸಿಗುವ ಕಡೆಗೆ ದಾರಿ ಮಾಡಿಕೊಡು. ಬಿಡಿಸಿ ಬಿಡಿಸಿ ಕೇಳಬೇಡ.

ದೂರಿಗೆ ಕಾಯಬಹುದು, ವೈದ್ಯರಿಗೆ ಕಾಯಬೇಡಿ. ಎಚ್‌ಐವಿ ತಡೆಯುವ ಔಷಧ 72 ಗಂಟೆಯ ಒಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಗರ್ಭ ತಡೆಯುವ ತುರ್ತು ಮಾತ್ರೆ 5 ದಿನದ ಒಳಗೆ. ಅವತ್ತಿನ ಬಟ್ಟೆ ಇದ್ದರೆ ಒಗೆಯದೆ ಕಾಗದದ ಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಬೇಡ, ತೇವಕ್ಕೆ ಕೆಡುತ್ತದೆ. ಮೆಸೇಜುಗಳನ್ನು ಅಳಿಸಬೇಡಿ. ಇವೆಲ್ಲ ಮುಂದೆ ಅವಳು ಮನಸ್ಸು ಬದಲಾಯಿಸಿದರೆ ಬಾಗಿಲು ತೆರೆದಿರಲಿ ಅಂತ. ಒಂದು ಕಡೆ ಮಾತ್ರ ಎಚ್ಚರ: ಕೆಲವು ಕಡೆ ಸಿಬ್ಬಂದಿಯ ಕಿವಿಗೆ ಬಿದ್ದರೆ ಅವರು ಮೇಲಿನವರಿಗೆ ತಿಳಿಸಲೇಬೇಕು, ಅವಳಿಗೆ 18 ತುಂಬಿಲ್ಲದಿದ್ದರಂತೂ ಕಾನೂನು ಬೇರೆಯೇ. ಯಾರಿಗೆ ಹೇಳಿದರೆ ಗುಟ್ಟಾಗಿ ಉಳಿಯುತ್ತದೆ ಅಂತ ಮೊದಲು ಕೇಳಿಕೊಂಡು ಆಮೇಲೆ ಹೋಗಿ.

ಹುಡುಗನೊಬ್ಬ

ಎಲ್ಲರೂ ಅವಳು ಅವಳು ಅಂತಲೇ ಬರೆಯುತ್ತಿದ್ದೀರಿ. ಹುಡುಗರಿಗೂ ಆಗುತ್ತದೆ. ನಗುತ್ತಾರೆ ಅಂತ ಹೇಳಲ್ಲ, ಅಷ್ಟೇ.

ಹೊಸಸದಸ್ಯೆ

ನಿಜ. ನಮ್ಮ ದೂರಿನ ಫಾರಂನಲ್ಲೇ "ವಿದ್ಯಾರ್ಥಿನಿಯ ಹೆಸರು" ಅಂತ ಅಚ್ಚಾಗಿದೆ. ಅದನ್ನು ತೆಗೆಸುತ್ತೇನೆ.

ಹಳೆಫೈಲು ಸರ್, ನಿಮಗೆ ಒಂದು ಪ್ರಶ್ನೆ. ಮೊದಲ ಹೇಳಿಕೆಗೂ ಎರಡನೆಯದಕ್ಕೂ ವ್ಯತ್ಯಾಸ ಕಂಡರೆ ಬಿಟ್ಟುಬಿಡಬೇಕಾ? ಕೇಳಿದರೆ ಸುಳ್ಳು ಹಿಡಿದ ಹಾಗೆ ಕಾಣುತ್ತದೆ.

ಹಳೆಫೈಲು

ಬಿಡಬಾರದು. ಕೇಳದೆ ಬಿಟ್ಟರೆ ಅದು ವರದಿಯಲ್ಲಿ ತೂತಾಗಿ ಉಳಿಯುತ್ತದೆ, ಮೇಲ್ಮನವಿಯಲ್ಲಿ ಮೊದಲು ಕುಸಿಯುವುದು ಅಲ್ಲೇ. ಕೇಳುವ ರೀತಿ ನೋಡಿಕೊಳ್ಳಿ. "ಅವತ್ತು ಹಾಗಂದೆ, ಇವತ್ತು ಹೀಗಂತೀಯಲ್ಲ" ಅನ್ನುವ ಬದಲು, "ಮೊದಲ ಹೇಳಿಕೆಯಲ್ಲಿ ಬಾಗಿಲು ಮುಚ್ಚಿತ್ತು ಅಂತ ಬರೆದುಕೊಂಡಿದ್ದೇವೆ, ಇವತ್ತು ತೆರೆದಿತ್ತು ಅಂದಿರಿ, ನಾವು ಸರಿಯಾಗಿ ಅರ್ಥ ಮಾಡಿಕೊಳ್ಳಲು ಸಹಾಯ ಮಾಡುತ್ತೀರಾ?" ಅನ್ನಿ. ನಾವೇ ತಪ್ಪು ಬರೆದುಕೊಂಡಿರುವುದು ಎಷ್ಟೋ ಸಲ ಆಗಿದೆ. ಅದಕ್ಕೇ ಅವರ ಮಾತನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಅವರು "ಮೈ ಮುಟ್ಟಿದ" ಅಂದರೆ ನೀವು "ಅಸಭ್ಯವಾಗಿ ವರ್ತಿಸಿದ" ಅಂತ ತಿದ್ದಬೇಡಿ. ಅವರ ಅನುಮತಿ ತೆಗೆದುಕೊಂಡು ಧ್ವನಿಮುದ್ರಣ ಮಾಡಿದರೆ ಇನ್ನೂ ವಾಸಿ, ಮತ್ತೆ ಮತ್ತೆ ಹೇಳಿಸುವುದೂ ತಪ್ಪುತ್ತದೆ, ಸದಸ್ಯರು ಗೈರಾದರೆ ಅವರು ಅದನ್ನು ಕೇಳಿಕೊಳ್ಳಲಿ.

"ಯಾಕೆ ತಡವಾಗಿ ಬಂದಿರಿ" ಅನ್ನುವುದನ್ನೂ ಕೇಳಲೇಬೇಕಾದ ಸಂದರ್ಭ ಬರುತ್ತದೆ, ಗಡುವು ಮೀರಿದ್ದರೆ ಕಾರಣ ದಾಖಲಾಗಬೇಕು. ಆಗ ಯಾಕೆ ಕೇಳುತ್ತಿದ್ದೇವೆ ಅಂತ ಮೊದಲು ಹೇಳಿ ಆಮೇಲೆ ಕೇಳಿ. "ನಿಯಮದ ಪ್ರಕಾರ ಬರೆದುಕೊಳ್ಳಬೇಕಿದೆ. ಈಗ ದೂರು ಕೊಡಬೇಕು ಅನಿಸಿದ್ದು ಹೇಗೆ?"

ದೂರುಕೊಟ್ಟಿದ್ದೆ

ಹೀಗೆ ಕೇಳಿದ್ದರೆ ನನಗೆ ಉತ್ತರ ಇತ್ತು. ತೀರ್ಪನ್ನು ಇಮೇಲಿನಲ್ಲಿ ಕಳಿಸಬೇಡಿ ಅನ್ನುವುದನ್ನೂ ಸೇರಿಸಿಕೊಳ್ಳಿ ಮೇಡಂ, ಅದರಲ್ಲೂ ಶುಕ್ರವಾರ ಸಂಜೆ. ಆಫೀಸು ಎರಡು ದಿನ ಮುಚ್ಚಿರುತ್ತದೆ, ಯಾರನ್ನು ಕೇಳುವುದು? ಮೊದಲೇ ಸಮಯ ಹೇಳಿ, ಕರೆದು, ಕಾರಣಗಳ ಸಮೇತ ಹೇಳಿ. ನನ್ನ ಪರವಾಗಿ ಬಂದಿದ್ದರೂ ಎರಡೇ ಸಾಲಿನ ಪತ್ರ ಓದಿ ನನಗೆ ಏನೂ ಅರ್ಥವಾಗಲಿಲ್ಲ.

ಹೊಸಸದಸ್ಯೆ

ಬರೆದುಕೊಂಡೆ. ಕೊನೆಯದೊಂದು ಉಳಿದಿದೆ. ಜೊತೆಗೆ ಬಂದ ಸ್ನೇಹಿತೆ ಮಧ್ಯೆ ಮಧ್ಯೆ ತಾನೇ ಉತ್ತರ ಹೇಳತೊಡಗಿದರೆ?

ಹಳೆಫೈಲು

ಜೊತೆಗಿರುವವರು ಜೊತೆಗಿರಲಿ, ಉತ್ತರ ಹೇಳುವಂತಿಲ್ಲ ಅಂತ ಶುರುವಿನಲ್ಲೇ ಇಬ್ಬರಿಗೂ ತಿಳಿಸಿ. ಆ ಸ್ನೇಹಿತೆಯೇ ಸಾಕ್ಷಿಯೂ ಆಗುವ ಹಾಗಿದ್ದರೆ ಅವತ್ತು ಬೇರೆ ಯಾರನ್ನಾದರೂ ಕರೆದುಕೊಂಡು ಬರಲು ಹಿಂದಿನ ದಿನವೇ ಫೋನ್ ಮಾಡಿ ಹೇಳಿ, ಬಾಗಿಲಲ್ಲಿ ನಿಲ್ಲಿಸಿ ವಾಪಸ್ ಕಳಿಸಬೇಡಿ.